ತಳದ ಬರಹ: ಮಾದರಿ ಕಾರುಗಳು, ಅಲೆದ ಅಚ್ಚುಗಳು ಮತ್ತು ಕೊರ್ಲಿಮ್

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಆಯ್ದ ಪ್ರಶ್ನೋತ್ತರಗಳಿವೆ.)

ನಾನು ಮಾತಾಡ್ತಾ ಇರೋದು ಗೋವಾದ ಕೊರ್ಲಿಮ್‌ನಿಂದ. ವಿಷಯ ಮಾದರಿ ಕಾರುಗಳು. ಅಂದರೆ ಅಂಗೈಯಲ್ಲಿ ಹಿಡಿಸುವ, ನಿಜವಾದ ಕಾರನ್ನು ಒಂದು ಲೆಕ್ಕದಲ್ಲಿ ಕುಗ್ಗಿಸಿ ಮಾಡಿದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಕಾರುಗಳು. ಅವನ್ನು ಕೂಡಿಡುವವರು, ಕೈಯಿಂದ ಮಾಡುವವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸ ಅಂತ ಕೆಲವರಿಗೆ ಅನ್ನಿಸಿರಬಹುದು. ನನ್ನ ಉತ್ತರ ಚಿಕ್ಕದು. ಈ ಕಾರನ್ನು ತಿರುವಿ ಹಾಕಿದರೆ ಅದರ ಹೊಟ್ಟೆಯಡಿ ಒಂದು ಬರಹ ಇರುತ್ತದೆ. ಕಂಪನಿಯ ಹೆಸರು, ಕಾರಿನ ಹೆಸರು, ಅಳತೆ, ತಯಾರಾದ ದೇಶ. ನಾವು ಶಾಸನ ಓದುವುದನ್ನು ಕಲಿತವರು. ಇದನ್ನೂ ಒಂದು ಸಣ್ಣ ಶಾಸನ ಅಂತ ಓದಿದರೆ ಯಾವ ಚರಿತ್ರೆ ಸಿಗುತ್ತದೆ, ಯಾವುದು ಸಿಗುವುದಿಲ್ಲ, ಅದೇ ಈ ಪ್ರಬಂಧದ ಪ್ರಶ್ನೆ.

ಅಳತೆಯಿಂದ ಶುರು ಮಾಡೋಣ

ಆನೆಯನ್ನು ಕನ್ನಡಿಯಲ್ಲಿ ತೋರಿಸಿದ ಹಾಗೆ ಅನ್ನುವ ಮಾತು ನಮ್ಮಲ್ಲಿದೆ. ಮಾದರಿ ಕಾರಿನ ಕೆಲಸ ಅದೇ, ಆದರೆ ಇಲ್ಲಿ ಕನ್ನಡಿಗೊಂದು ಲೆಕ್ಕ ಇದೆ. ಸಂಗ್ರಾಹಕರ ಬಾಯಲ್ಲಿ ಸದಾ ಇರುವ ಎರಡು ಅಳತೆಗಳು 1:43 ಮತ್ತು 1:64. ನಮ್ಮ ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರ್. 1:43ರಲ್ಲಿ ಅದು 10 ಸೆಂಟಿಮೀಟರ್ ಆಗುತ್ತದೆ, 1:64ರಲ್ಲಿ ಏಳು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ.

ಈ 43 ಎಲ್ಲಿಂದ ಬಂತು? ಅದು ಕಾರಿನ ಲೆಕ್ಕವೇ ಅಲ್ಲ, ರೈಲಿನ ಲೆಕ್ಕ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿ ಅವರ ಮೆಕ್ಯಾನೋ ಕಂಪನಿ ಆಟದ ರೈಲುಗಳನ್ನು ಮಾಡುತ್ತಿತ್ತು. ಒಂದು ಅಡಿಗೆ ಏಳು ಮಿಲಿಮೀಟರ್ ಅನ್ನುವುದು ಆ ರೈಲುಗಳ ಅಳತೆ. ಒಂದು ಅಡಿ ಅಂದರೆ 304.8 ಮಿಲಿಮೀಟರ್. ಏಳರಿಂದ ಭಾಗಿಸಿ, ನಲವತ್ತಮೂರೂವರೆ ಬರುತ್ತದೆ. ರೈಲು ನಿಲ್ದಾಣದ ಪಕ್ಕ ನಿಲ್ಲಿಸೋದಕ್ಕೆ ಅಂತ 1933ರಲ್ಲಿ ಕೆಲವು ಪುಟ್ಟ ವಾಹನಗಳು ಬಂದವು. 1934ರಲ್ಲಿ ಅವಕ್ಕೆ ಡಿಂಕಿ ಟಾಯ್ಸ್ ಎಂಬ ಹೆಸರು ಬಿತ್ತು. ರೈಲಿಗೆ ಜೊತೆಯಾಗಿ ಬಂದ ಕಾರು ಕೊನೆಗೆ ರೈಲನ್ನೇ ಹಿಂದೆ ಹಾಕಿತು.

ಎಲ್ಲ ಕಾರುಗಳಿಗೂ ಹೀಗೆ ಅಳತೆಯ ನಿಷ್ಠೆ ಇರಲಿಲ್ಲ. 1947ರಲ್ಲಿ ಲಂಡನ್ನಿನಲ್ಲಿ ಶುರುವಾದ ಲೆಸ್ನಿ ಕಂಪನಿ 1953ರ ಪಟ್ಟಾಭಿಷೇಕದ ಹೊತ್ತಿಗೆ ರಾಣಿಯ ಸಾರೋಟಿನ ಸಣ್ಣ ಮಾದರಿ ಮಾಡಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಿತು. ಅದೇ ಕಾಲದಲ್ಲಿ ಬಂದದ್ದು ಮ್ಯಾಚ್‌ಬಾಕ್ಸ್. ಕಂಪನಿಯ ಜಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು ಎಂಬ ನಿಯಮ ಇತ್ತಂತೆ. ಅವರು ಪೊಟ್ಟಣಕ್ಕೆ ಹಿಡಿಸುವ ರೋಡ್ ರೋಲರ್ ಮಾಡಿಕೊಟ್ಟರು. ಹಾಗಾಗಿ ಇಲ್ಲಿ ಅಳತೆ ನಿರ್ಧಾರವಾದದ್ದು ಪೊಟ್ಟಣದಿಂದ. ಡಬಲ್ ಡೆಕ್ಕರ್ ಬಸ್ಸೂ ಅಷ್ಟೇ ಉದ್ದ, ಕಾರೂ ಅಷ್ಟೇ ಉದ್ದ. ಆಮೇಲೆ 1956ರಲ್ಲಿ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಕಿದ ಕಾರ್ಗಿ, 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್. ಇವಿಷ್ಟು ಹೆಸರು ನೆನಪಿಟ್ಟುಕೊಂಡರೆ ಮುಂದಿನ ಮಾತಿಗೆ ಸಾಕು.

ಇವನ್ನು ಮಾಡುವ ಲೋಹದ ಬಗ್ಗೆ ಒಂದು ಮಾತು. ಸತುವಿಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಬೆರೆಸಿದ ಮಿಶ್ರಲೋಹ ಅದು. ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಈ ಮಿಶ್ರಣದಲ್ಲಿ ಸೀಸ ಒಂದು ಚೂರು ಸೇರಿದರೂ, ವರ್ಷಗಳು ಕಳೆದ ಮೇಲೆ ಕಾರು ಒಳಗಿಂದೊಳಗೇ ಬಿರುಕು ಬಿಟ್ಟು ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿ ಕಾರುಗಳು ಹೀಗೆ ಗಾಜಿನ ಪೆಟ್ಟಿಗೆಯಲ್ಲಿ ಇದ್ದ ಹಾಗೇ ಉದುರಿಹೋಗಿವೆ. ಕಾರು ಹಾಗೆ ಉದುರಬಹುದು, ಅಚ್ಚು ಮಾತ್ರ ಬಹಳ ಕಾಲ ಬಾಳುತ್ತದೆ. ನಮ್ಮ ದೇಶದ ಕತೆ ಶುರುವಾಗುವುದು ಈ ಅಚ್ಚಿನಿಂದಲೇ.

ಅಚ್ಚುಗಳ ವಲಸೆ

1960ರ ದಶಕದ ಕೊನೆಯಲ್ಲಿ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಕಲ್ಕತ್ತಾಕ್ಕೆ ಬಂದವು. ಅವುಗಳಿಂದ ಎಸ್. ಕುಮಾರ್ ಅಂಡ್ ಕಂಪನಿ ಎಂಬ ಸಂಸ್ಥೆ ಕಾರು ತಯಾರಿಸಿತು. ಹೆಸರು ನಿಕಿ ಟಾಯ್ಸ್. ಡಿಂಕಿ ಹೋಗಿ ನಿಕಿ. ಪ್ರಾಸ ಉಳಿಯಿತು, ಊರು ಬದಲಾಯಿತು. ಕಲ್ಕತ್ತಾದಿಂದಲೇ ಮಿಲ್ಟನ್, ಮ್ಯಾಕ್ಸ್‌ವೆಲ್ ಎಂಬ ಹೆಸರಿನ ಕಾರುಗಳೂ ಬಂದವು. ಅವುಗಳ ಮೈಕಟ್ಟಿನಲ್ಲಿ ಕಾರ್ಗಿಯ, ಮ್ಯಾಚ್‌ಬಾಕ್ಸಿನ ಗುರುತು ಸಿಗುತ್ತದೆ. ಮುಂದೆ ಬ್ಲೋ ಪ್ಲಾಸ್ಟ್ ಕಂಪನಿಯ ಲಿಯೋ ಹೆಸರಿನಡಿ ಹಾಟ್ ವೀಲ್ಸ್ ಕೂಡ ಭಾರತದಲ್ಲಿ ತಯಾರಾಯಿತು. ಇವತ್ತು ವಿದೇಶದ ಸಂಗ್ರಾಹಕರು ಇಂಥ ಕಾರುಗಳನ್ನು ಹುಡುಕಿಕೊಂಡು ಬರುತ್ತಾರೆ. ಕಾರಣ, ಮೂಲದಲ್ಲಿ ಇಲ್ಲದ ಬಣ್ಣ, ಬೇರೆ ಚಕ್ರ, ಬೇರೆ ಡಬ್ಬಿ.

ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು ಹೋಲಿಕೆ. ಆಟದ ಕಾರಿಗೆ ಆದದ್ದೇ ನಿಜವಾದ ಕಾರಿಗೂ ಆಗಿತ್ತು. ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದು ತಯಾರಾದದ್ದೂ ಕಲ್ಕತ್ತಾದ ಹತ್ತಿರದ ಉತ್ತರಪಾರಾದಲ್ಲಿ, 1950ರ ದಶಕದ ಕೊನೆಯಿಂದ 2014ರವರೆಗೆ. ಮುಂಬೈಯ ಫಿಯಟ್ 1100 ಎಪ್ಪತ್ತರ ದಶಕದಲ್ಲಿ ಪದ್ಮಿನಿ ಆಯಿತು. ಅಲ್ಲೂ ಅಚ್ಚು ಅವರದು, ಹೆಸರು ನಮ್ಮದು. ಆಮದಿನ ಮೇಲೆ ನಿರ್ಬಂಧ ಇದ್ದ ಕಾಲದಲ್ಲಿ ದೊಡ್ಡ ಕಾರೂ ಸಣ್ಣ ಕಾರೂ ಒಂದೇ ದಾರಿಯಲ್ಲಿ ನಮ್ಮೊಳಗೆ ಬಂದವು. ಹಾಗಾಗಿ ನಿಕಿ ಕಾರನ್ನು ಬರೀ ಅಗ್ಗದ ನಕಲು ಅಂತ ತಳ್ಳಿಹಾಕುವವರು ಅಂಬಾಸಿಡರನ್ನು ಭಾರತೀಯ ಕಾರು ಅಂತ ಹೊಗಳುವಾಗ ಸ್ವಲ್ಪ ಯೋಚನೆ ಮಾಡಬೇಕು.

ಸಾಹಿತ್ಯದವರಿಗೆ ಇದು ಹೊಸದಲ್ಲ. ಹೊಸಗನ್ನಡ ಕಾವ್ಯ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಮೂಲಕ ದಾರಿ ಕಂಡುಕೊಂಡದ್ದನ್ನು ನಾವೆಲ್ಲ ಓದಿದ್ದೇವೆ. ಅಚ್ಚು ಹೊರಗಿನದು ಅನ್ನುವ ಕಾರಣಕ್ಕೆ ಅವನ್ನು ಕನ್ನಡದ ಕವಿತೆಗಳಲ್ಲ ಅಂತ ಯಾರೂ ಹೇಳುವುದಿಲ್ಲ. ಆದರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕನ್ನಡಕ್ಕೆ ತಂದವರ ಹೆಸರು ಪುಸ್ತಕದ ಮೇಲೆ ಇದೆ. ಕಾರಿನ ತಳದಲ್ಲಿ ಅಂಥ ಹೆಸರು ಯಾವುದೂ ಇಲ್ಲ.

ಕೊರ್ಲಿಮ್: ಆಟಿಕೆಯ ಊರು

ಈಗ ನಾನಿರುವ ಊರಿಗೆ ಬರುತ್ತೇನೆ. ಕೊರ್ಲಿಮ್ ಹಳೆ ಗೋವಾದ ಪಕ್ಕ, ಪಣಜಿಯಿಂದ ಫೋಂಡಾಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ. ತಾಲೂಕು ತಿಸವಾಡಿ, ಅಂದರೆ ಮೂವತ್ತು ವಾಡಿಗಳು. ಪೋರ್ಚುಗೀಸರು ಇದನ್ನೇ ಇಲ್ಯಾಸ್ ಅಂದರು, ಅಂದರೆ ದ್ವೀಪಗಳು. ಇಲ್ಲಿನ ಕೈಗಾರಿಕಾ ವಸಾಹತು ಗೋವಾದ ಹಳೆಯವುಗಳಲ್ಲಿ ಒಂದು. ವಸಾಹತು ಎಂಬ ನಮ್ಮ ಪದ ಎಷ್ಟು ವಿಚಿತ್ರ ನೋಡಿ. 1961ರವರೆಗೆ ಒಂದು ಅರ್ಥದಲ್ಲಿ ವಸಾಹತಾಗಿದ್ದ ಜಾಗ ಆಮೇಲೆ ಇನ್ನೊಂದು ಅರ್ಥದಲ್ಲಿ ವಸಾಹತಾಯಿತು.

ಇಲ್ಲಿ ಫನ್‌ಸ್ಕೂಲ್ ಕಂಪನಿಯ ಆಟಿಕೆ ಕಾರ್ಖಾನೆ ಇದೆ. ಎಂ.ಆರ್.ಎಫ್. ಕಂಪನಿ ಅಮೆರಿಕದ ಹ್ಯಾಸ್ಬ್ರೋ ಜೊತೆ ಸೇರಿ 1987ರಲ್ಲಿ ಕಟ್ಟಿದ ಸಂಸ್ಥೆ ಅದು. ಇನ್ನೊಂದು ಕಾರ್ಖಾನೆ ತಮಿಳುನಾಡಿನ ರಾಣಿಪೇಟೆಯಲ್ಲಿದೆ. ಎಂ.ಆರ್.ಎಫ್. ಅಂದರೆ ನಮಗೆ ಟೈರು, ಕ್ರಿಕೆಟ್ ಬ್ಯಾಟು. ಆದರೆ 1946ರಲ್ಲಿ ಕೆ.ಎಂ. ಮಾಮ್ಮೆನ್ ಮಾಪ್ಪಿಳ್ಳೈ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಶುರು ಮಾಡಿದಾಗ ಅದು ಮಕ್ಕಳಿಗೆ ಬಲೂನು ಮಾಡುವ ಸಣ್ಣ ಘಟಕ. ಟೈರು ಬಂದದ್ದು ಆಮೇಲೆ. ಅಂದರೆ ಬಲೂನಿನಿಂದ ಹೊರಟು, ಟೈರಿನ ಮೂಲಕ ಹಾದು, ನಲವತ್ತು ವರ್ಷದ ನಂತರ ಮತ್ತೆ ಆಟಿಕೆಗೆ ಬಂತು. ಕೊರ್ಲಿಮ್‌ನಿಂದ ಅದೇ ರಸ್ತೆಯಲ್ಲಿ ಮುಂದೆ ಹೋಗಿ ಫೋಂಡಾ ದಾಟಿದರೆ ಉಸಗಾಂವದಲ್ಲಿ ಎಂ.ಆರ್.ಎಫ್. ಟೈರು ಕಾರ್ಖಾನೆ ಸಿಗುತ್ತದೆ. ಒಂದೇ ರಸ್ತೆಯಲ್ಲಿ ನಿಜವಾದ ಗಾಲಿ ಒಂದು ಕಡೆ, ಆಟದ ಸಾಮಾನು ಒಂದು ಕಡೆ. ಇದೇ ರಸ್ತೆ ಮೊಲೆಮ್, ಅನಮೋಡ ಘಾಟಿಯ ಮೇಲೆ ಬೆಳಗಾವಿಗೆ ಏರುತ್ತದೆ. ಉತ್ತರ ಕರ್ನಾಟಕದಿಂದ ದುಡಿಯೋದಕ್ಕೆ ಗೋವಾಕ್ಕೆ ಬರುವ ನಮ್ಮ ಜನರ ದಾರಿಯೂ ಅದೇ. ಆ ದಾರಿಯಲ್ಲಿ ಓಡುವ ಗೋವಾ ಸರ್ಕಾರದ ಬಸ್ಸಿನ ಮೇಲೆ ಕದಂಬ ಅಂತ ಬರೆದಿರುತ್ತದೆ. ನಾವು ಶಾಸನದಲ್ಲಿ ಓದುವ ಹೆಸರು.

ಫನ್‌ಸ್ಕೂಲ್ ಅಂದರೆ ಸಂಗ್ರಾಹಕರಿಗೆ ಮೊದಲು ನೆನಪಾಗುವುದು ಕಾರಲ್ಲ, ಜಿ.ಐ. ಜೋ ಎಂಬ ಸೈನಿಕರ ಗೊಂಬೆಗಳು ಮತ್ತು ಅವರ ವಾಹನಗಳು. ಗೊಂಬೆಯ ಎತ್ತರ ಮೂರೂಮುಕ್ಕಾಲು ಇಂಚು, ಅಂದರೆ ಸುಮಾರು 1:18ರ ಅಳತೆ. ಇಲ್ಲೂ ಕತೆ ಹಳೆಯದೇ. ಹ್ಯಾಸ್ಬ್ರೋ ಬಳಸಿ ಮುಗಿಸಿದ ಅಚ್ಚುಗಳು ಭಾರತಕ್ಕೆ ಬಂದವು. ಇಲ್ಲಿ ಬೇರೆ ಬಣ್ಣ ಪಡೆದವು. ಅಮೆರಿಕದಲ್ಲಿ ಆ ಗೊಂಬೆಗಳು ನಿಂತುಹೋಗಿದ್ದ ಕಾಲದಲ್ಲೂ ಇಲ್ಲಿ ತಯಾರಾಗುತ್ತಿದ್ದವು. ಹಾಗಾಗಿ ಅಲ್ಲಿನ ಸಂಗ್ರಾಹಕರು ಭಾರತದಿಂದ ತರಿಸಿಕೊಂಡರು. ಇವತ್ತು ಯಾವ ಗೊಂಬೆಯ ಪ್ಯಾಂಟಿಗೆ ಯಾವ ಹಸಿರು, ಯಾವ ಡಬ್ಬಿಯ ಹಿಂದೆ ಯಾವ ಅಕ್ಷರ ಅನ್ನುವವರೆಗೆ ಇಂಗ್ಲಿಷಿನಲ್ಲಿ ಪಟ್ಟಿಗಳಿವೆ. ಬಣ್ಣ ತುಂಬಿದ ಕೈ ಯಾವ ಊರಿನದು, ಆ ಕೈಯವರು ಮನೆಯಲ್ಲಿ ಕೊಂಕಣಿ ಆಡುತ್ತಿದ್ದರೋ ಮರಾಠಿಯೋ ಕನ್ನಡವೋ, ಅದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ರದನಿಕೆಯ ಬಂಡಿ

ಆಟದ ಬಂಡಿಯ ಹೆಸರನ್ನೇ ಹೊತ್ತ ಒಂದು ದೊಡ್ಡ ನಾಟಕ ನಮ್ಮ ಮುಂದಿದೆ, ಶೂದ್ರಕನ ‘ಮೃಚ್ಛಕಟಿಕ’. ಕತೆ ನಿಮಗೆ ಗೊತ್ತು. ಬಡವನಾದ ಚಾರುದತ್ತನ ಮಗ ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಬಂಡಿಯಲ್ಲಿ ಆಡುತ್ತಾನೆ. ಆ ಹುಡುಗ ತನ್ನ ಬಂಡಿ ತೆಗೆದುಕೊಂಡು ಹೋಗುತ್ತಾನೆ. ಇವನಿಗೆ ಮಣ್ಣಿನ ಬಂಡಿ ಬೇಡ, ಚಿನ್ನದ್ದೇ ಬೇಕು. ವಸಂತಸೇನೆ ತನ್ನ ಒಡವೆ ಬಿಚ್ಚಿ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನ ವಿರುದ್ಧ ಸಾಕ್ಷಿಯಾಗುತ್ತವೆ.

ತರಗತಿಗಳಲ್ಲಿ ವಸಂತಸೇನೆಯ ತ್ಯಾಗದ ಬಗ್ಗೆ, ಚಾರುದತ್ತನ ಔದಾರ್ಯದ ಬಗ್ಗೆ ಪ್ರಶ್ನೆ ಬರುತ್ತದೆ. ಆದರೆ ಆ ಮಣ್ಣಿನ ಬಂಡಿಯನ್ನು ಮಾಡಿದ್ದು ಯಾರು? ಮನೆಯ ದಾಸಿ ರದನಿಕೆ. ಅಳುವ ಮಗುವನ್ನು ಸುಮ್ಮನಿರಿಸೋದಕ್ಕೆ ಅವಳು ಮಾಡಿಕೊಟ್ಟದ್ದು. ಇಡೀ ನಾಟಕಕ್ಕೆ ಹೆಸರು ಕೊಟ್ಟ ವಸ್ತು ಅವಳ ಕೈಯದು. ಚರ್ಚೆಯಲ್ಲಿ ಅವಳ ಹೆಸರು ಬರುವುದು ಅಪರೂಪ. ಮಾದರಿ ಕಾರುಗಳ ಚರಿತ್ರೆಯಲ್ಲಿ ಹಾರ್ನ್‌ಬಿ ಇದ್ದಾರೆ, ಓಡೆಲ್ ಇದ್ದಾರೆ, ಸಂಗ್ರಾಹಕರೂ ಇದ್ದಾರೆ. ರದನಿಕೆ ಇಲ್ಲ.

ಯಾವಾಗಲೂ ಹೀಗೇ ಇತ್ತು ಅಂತ ಹೇಳುವ ಹಾಗಿಲ್ಲ. 1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ರೂವಾರಿಗೆ ವಿಗ್ರಹದ ಪಾದದ ಬಳಿ ಜಾಗ ಇತ್ತು. ಒಂಬೈನೂರು ವರ್ಷದ ನಂತರ, ಕಾರಿನ ತಳದಲ್ಲಿ ದೇಶದ ಹೆಸರಿದೆ, ರೂವಾರಿಯ ಹೆಸರಿಲ್ಲ. ಯಂತ್ರದ ಕೆಲಸದಲ್ಲಿ ಒಬ್ಬರ ಹೆಸರು ಹಾಕೋದು ಹೇಗೆ ಅಂತ ಕೇಳಬಹುದು. ಒಪ್ಪುತ್ತೇನೆ. ಒಂದು ಕಾರಿನ ಹಿಂದೆ ಅಚ್ಚು ಕೊರೆಯುವವರು, ಎರಕ ಹೊಯ್ಯುವವರು, ಅಂಚು ಉಜ್ಜುವವರು, ಬಣ್ಣ ಹಾಕುವವರು, ಗಾಲಿ ಜೋಡಿಸುವವರು, ಡಬ್ಬಿಗೆ ತುಂಬುವವರು ಇರುತ್ತಾರೆ. ನಾನು ಕೇಳುತ್ತಿರುವುದು ಸಹಿಯನ್ನಲ್ಲ. ಚರಿತ್ರೆ ಬರೆಯುವಾಗ ಈ ಆರೇಳು ಕೆಲಸಗಳಿಗೆ ಆರೇಳು ಪುಟವಾದರೂ ಇರಲಿ ಅಂತ.

ಕೈಯಿಂದ ಮಾಡುವವರು

ಈ ಹವ್ಯಾಸದಲ್ಲಿ ಒಂದು ಗುಂಪು ಮಾತ್ರ ಈ ಕೊರತೆಯನ್ನು ತಾನೇ ತುಂಬುತ್ತಿದೆ. ಅವರು ಮಾಡುವವರು. ಹಾಟ್ ವೀಲ್ಸ್ ಕಾರಿನ ತಳದ ರಿವಿಟ್ಟನ್ನು ಸಣ್ಣ ಡ್ರಿಲ್ಲಿನಿಂದ ಕೊರೆದು ಬಿಚ್ಚುತ್ತಾರೆ. ಹಳೇ ಬಣ್ಣ ಕಿತ್ತು, ಪ್ರೈಮರ್ ಹೊಡೆದು, ಹೊಸ ಬಣ್ಣ ಕೊಟ್ಟು, ಗಾಲಿ ಬದಲಿಸಿ, ನಮ್ಮ ರಸ್ತೆಯಲ್ಲಿ ಕಾಣುವ ಗಾಡಿಯ ರೂಪಕ್ಕೆ ತರುತ್ತಾರೆ. ಇನ್ನು ಕೆಲವರು ಸನ್‌ಬೋರ್ಡ್, ಫೋಮ್ ಶೀಟ್ ಕತ್ತರಿಸಿ ಕೆ.ಎಸ್.ಆರ್.ಟಿ.ಸಿ. ಬಸ್ಸು ಮಾಡುತ್ತಾರೆ. ಊರಿನ ಬೋರ್ಡು, ಡಿಪೋ ಹೆಸರು, ಹಿಂದಿನ ಏಣಿ, ಎಲ್ಲ ಇರುತ್ತದೆ. 12 ಮೀಟರಿನ ಬಸ್ಸು 1:64ರಲ್ಲಿ ಸುಮಾರು 19 ಸೆಂಟಿಮೀಟರ್ ಆಗುತ್ತದೆ, ಆದರೆ ಇವರು ಬಹಳ ಸಲ ಇನ್ನೂ ದೊಡ್ಡದಾಗಿ ಮಾಡುತ್ತಾರೆ, ಒಳಗಿನ ಸೀಟು ಕಾಣಲಿ ಅಂತ. ವಿದೇಶಿ ಕಂಪನಿಗಳು ಫೆರಾರಿಯನ್ನು ನೂರು ಸಲ ಮಾಡುತ್ತವೆ. ಹುಬ್ಬಳ್ಳಿ ಪಣಜಿ ಬಸ್ಸು ಬೇಕಾದರೆ ನಾವೇ ಮಾಡಿಕೊಳ್ಳಬೇಕು.

ಇದರ ಬೇರು ನಮ್ಮಲ್ಲೇ ಇದೆ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಮಕ್ಕಳು ಜೋಳದ ದಂಟಿನಲ್ಲಿ ಬಂಡಿ ಕಟ್ಟುತ್ತಾರೆ, ಹರಿದ ಹವಾಯಿ ಚಪ್ಪಲಿ ಕೊಯ್ದು ಗಾಲಿ ಮಾಡುತ್ತಾರೆ. ನಮ್ಮ ಅಪ್ಪ ವಿಜಯಪುರ ಜಿಲ್ಲೆಯಿಂದ ಗೋವಾಕ್ಕೆ ಬಂದವರು. ಅಂಗಡಿಯ ಕಾರು ನೋಡಿದಾಗೆಲ್ಲ ಅವರು ಕೇಳುವುದು ಒಂದೇ ಮಾತು: ‘ಇದನ್ ಯಾರ್ ಮಾಡ್ಯಾರ?’ ಬೆಲೆ ಆಮೇಲೆ. ತಾವೇ ಮಾಡಿಕೊಂಡು ಆಡಿದವರಿಗೆ ಬರುವ ಪ್ರಶ್ನೆ ಅದು. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ ಅರಗಿನ ಬಣ್ಣ ಹಚ್ಚಿದ ಬಂಡಿ, ರೈಲುಗಳೂ ಈ ಸಾಲಿಗೇ ಸೇರುತ್ತವೆ. ಆದರೆ ಅಲ್ಲಿ ಅಳತೆಯ ಹಂಗಿಲ್ಲ. ರೈಲು ಅನ್ನಿಸಿದರೆ ಸಾಕು, ಇಂಥದೇ ರೈಲು ಆಗಬೇಕಿಲ್ಲ. ಮಾದರಿ ಮತ್ತು ಆಟಿಕೆಯ ನಡುವಿನ ಗೆರೆ ಇರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಈಗಿನ ಸ್ಥಿತಿ

2001ರ ಏಪ್ರಿಲ್‌ನಲ್ಲಿ ಗ್ರಾಹಕ ವಸ್ತುಗಳ ಆಮದಿನ ಮೇಲೆ ಉಳಿದಿದ್ದ ಪ್ರಮಾಣ ನಿರ್ಬಂಧ ಹೋಯಿತು. ಆಟಿಕೆ ಅಂಗಡಿಗಳ ರೂಪ ಬದಲಾಯಿತು. ಎರಡು ದಶಕದ ನಂತರ ಗಾಳಿ ಮತ್ತೆ ತಿರುಗಿತು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಅದೇ ತಿಂಗಳು ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ ಶಂಕುಸ್ಥಾಪನೆ ನಡೆಯಿತು. ಕಿನ್ನಾಳದ ಬಣ್ಣದ ಗೊಂಬೆಗಳೂ ಅದೇ ಜಿಲ್ಲೆಯವು. ಕೊರ್ಲಿಮ್‌ಗೆ ದುಡಿಮೆ ಹುಡುಕಿ ಬಂದವರ ಮಕ್ಕಳು ನಾಳೆ ಕೊಪ್ಪಳದಲ್ಲೇ ಆಟಿಕೆ ಮಾಡಬಹುದು. ಆಗಲಾದರೂ ಕನ್ನಡದಲ್ಲಿ ಅದರ ದಾಖಲೆ ಇರಬೇಕು. ಕೊರ್ಲಿಮ್‌ನಲ್ಲಿ ಮೂವತ್ತು ಮೂವತ್ತೈದು ವರ್ಷದ ಕೆಲಸ ಕಂಡವರು ಈಗ ನಿವೃತ್ತಿಯ ವಯಸ್ಸಿನವರು. ಡಿಂಕಿ ಕಾರಿನ ಸತುವಿಗಿಂತ ಬೇಗ ಉದುರುವುದು ಮನುಷ್ಯರ ನೆನಪು. ನನ್ನ ಮಂಡನೆ ಇಷ್ಟು.

ಪ್ರಶ್ನೋತ್ತರ

ಪ್ರಶ್ನೆ (ಅಧ್ಯಾಪಕರು): ತಳದ ಬರಹವನ್ನು ಶಾಸನ ಅಂದಿರಿ. ಅದು ಬರೀ ಹೋಲಿಕೆಯೋ, ವಿಧಾನವೋ?

ಉತ್ತರ: ವಿಧಾನ ಅಂತಲೇ ತಗೊಂಡಿದೀನಿ ಸರ್. ಶಾಸನದಲ್ಲಿ ನಾವು ಲಿಪಿ, ಕಾಲ, ಕೊಟ್ಟವರು, ಪಡೆದವರು, ಅಳಿಸಿ ಬರೆದ ಜಾಗ ಎಲ್ಲ ನೋಡ್ತೀವಿ. ಇಲ್ಲೂ ಹಾಗೇ. ಒಂದೇ ಅಚ್ಚಿನ ಎರಡು ಕಾರಿನ ತಳ ಅಕ್ಕಪಕ್ಕ ಇಟ್ಟರೆ ಯಾವ ಹೆಸರು ಹೋಯಿತು, ಯಾವುದು ಬಂತು ಅನ್ನೋದು ಕಾಣುತ್ತೆ. ಡಿಂಕಿ, ನಿಕಿ ಅಂಥ ಜೋಡಿ. ಕಂಪನಿಯ ಕಾಗದ ಪತ್ರ ಸಿಗದೇ ಇದ್ದಾಗ ವಸ್ತುವೇ ಆಕರ.

ಪ್ರಶ್ನೆ (ಸಹಪಾಠಿ): ಡಬ್ಬಿ ಬಿಚ್ಚದೆ ಇಟ್ಟು, ಬೆಲೆ ಏರಿದ ಮೇಲೆ ಮಾರುವವರೇ ಈಗ ಜಾಸ್ತಿ. ಇದು ಹವ್ಯಾಸವೋ ವ್ಯಾಪಾರವೋ?

ಉತ್ತರ: ಎರಡೂ ಇದೆ. ಅಂಗಡಿಗೆ ಬಂದ ದಿನವೇ ಒಳ್ಳೆಯದನ್ನೆಲ್ಲ ಬಾಚಿಕೊಂಡು ಹೋದರೆ ಮಗುವಿಗೆ ಕಾರು ಸಿಗಲ್ಲ, ಅದು ನಿಜವಾದ ತಕರಾರು. ರೋಹಸೇನನ ಕಾಲದಿಂದಲೂ ಚಿನ್ನದ ಬಂಡಿ ನೆರೆಮನೆಯದ್ದೇ. ಆದರೆ ಡಬ್ಬಿ ಸಮೇತ ಇಟ್ಟವರಿಂದಲೇ ತಯಾರಾದ ಊರಿನ ವಿಳಾಸ ಉಳಿದುಕೊಂಡಿದೆ ಅನ್ನೋದನ್ನೂ ಹೇಳಬೇಕು. ಆಡಿದ ಮಕ್ಕಳು ಡಬ್ಬಿ ಇಟ್ಟುಕೊಳ್ಳಲ್ಲ.

ಪ್ರಶ್ನೆ (ಅಧ್ಯಾಪಕರು): ಸ್ಕೇಲ್ ಮಾಡೆಲ್ ಎಂಬುದಕ್ಕೆ ಕನ್ನಡ ಪದ?

ಉತ್ತರ: ಹವ್ಯಾಸಿಗಳು ಮಾಡೆಲ್ಲು, ಡೈಕಾಸ್ಟು, ಪೀಸು ಅಂತಾರೆ ಮೇಡಂ. ನಾನು ಅಳತೆಯ ಮಾದರಿ ಅಂತ ಬಳಸಿ ನೋಡ್ತಾ ಇದೀನಿ. ಆದರೆ ಪದ ಕಟ್ಟೋ ಮೊದಲು ಕಾರ್ಖಾನೆಯ ಒಳಗೆ ಕೆಲಸಗಾರರು ಅದನ್ನ ಏನಂತ ಕರೀತಾರೆ ಅಂತ ಕೇಳಬೇಕು. ಅಚ್ಚಿಗೆ, ಎರಕಕ್ಕೆ, ಕೆಟ್ಟುಹೋದ ಕಾರಿಗೆ ಅವರ ಹತ್ತಿರ ಹೆಸರು ಇದ್ದೇ ಇರುತ್ತೆ. ಮುಂದಿನ ವರ್ಷದ ಕ್ಷೇತ್ರಕಾರ್ಯದ ಮೊದಲ ಪ್ರಶ್ನೆ ಅದೇ.

(ಸಮಯ ಮೀರಿದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಗೋಷ್ಠಿಗೆ ಇಟ್ಟುಕೊಳ್ಳಲಾಯಿತು.)